ನಲವತ್ತೇಳಕ್ಕೆ ಟೇಪು ಹಿಡಿಯಬಹುದೇ?

ಪ್ರಶ್ನೆ: ನನಗೀಗ 47 ವರ್ಷ. ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ 19 ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದು, ಕಳೆದ ವರ್ಷ ಕೆಲಸ ಬಿಟ್ಟಿದ್ದೇನೆ. ನಮ್ಮ ಹಳೆಯ ಮಾಳಿಗೆ ಮನೆಯನ್ನು ಕೆಡವಿ ಹೊಸದು ಕಟ್ಟಿಸಿದಾಗ ಅಡುಗೆಮನೆ, ದೇವರಮನೆ, ಕಪಾಟುಗಳನ್ನೆಲ್ಲ ನಾನೇ ಮುಂದೆ ನಿಂತು ಮಾಡಿಸಿದೆ. ಅದನ್ನು ನೋಡಿದ ನಾಲ್ಕೈದು ಮನೆಯವರು ತಮಗೂ ಹಾಗೆಯೇ ಮಾಡಿಸಿಕೊಡಬೇಕೆಂದು ಕೇಳುತ್ತಿದ್ದಾರೆ. ಇದನ್ನೇ ವೃತ್ತಿಯಾಗಿ ಮಾಡಿಕೊಳ್ಳುವ ಆಸೆ ನನಗಿದೆ. ಈ ವಯಸ್ಸಿನಲ್ಲಿ ಕಂಪ್ಯೂಟರಿನ ಮೇಲೆ ನಕ್ಷೆ ಬಿಡಿಸಲು ಕಲಿಯುತ್ತೀಯಾ ಎಂದು ಮಗ ನಗುತ್ತಾನೆ. ಬಡಿಗೇರರು ಹೆಣ್ಣುಮಕ್ಕಳ ಮಾತು ಕೇಳುವುದಿಲ್ಲ ಎಂಬುದು ನಮ್ಮ ಯಜಮಾನರ ಆತಂಕ. ಕೋರ್ಸ್ ಮಾಡಲೇಬೇಕೇ? ಎಲ್ಲಿಂದ ಆರಂಭಿಸಲಿ?
— ಹೆಸರು ಬೇಡ, ಗಂಗಾವತಿ

ಉತ್ತರ: ವಯಸ್ಸಿನ ಮಾತನ್ನು ಮೊದಲು ಮುಗಿಸಿಬಿಡೋಣ. ಅಮೆರಿಕದಲ್ಲಿ ಒಳಾಂಗಣ ವಿನ್ಯಾಸವನ್ನು ಸ್ವತಂತ್ರ ವೃತ್ತಿಯಾಗಿ ನೆಲೆಗೊಳಿಸಿದವರಲ್ಲಿ ಮೊದಲಿಗರೆಂದು ಹೆಸರಾದ ಎಲ್ಸಿ ಡಿ ವುಲ್ಫ್ ಮೊದಲು ರಂಗಭೂಮಿಯ ನಟಿಯಾಗಿದ್ದರು. 1905ರಲ್ಲಿ ನ್ಯೂಯಾರ್ಕಿನ ಕಾಲೊನಿ ಕ್ಲಬ್ಬಿನ ಒಳಾಂಗಣದ ಕೆಲಸ ಕೈಗೆ ಬಂದಾಗ ಅವರಿಗೆ ನಲವತ್ತು ದಾಟಿತ್ತು. ಅವರ ಬೆನ್ನಿಗೆ ಸಿರಿವಂತ ಗೆಳತಿಯರಿದ್ದರು ಎಂಬುದೂ ನಿಜ. ನಿಮ್ಮ ಬೆನ್ನಿಗೆ ನಾಲ್ಕೈದು ನೆರೆಮನೆಗಳಿವೆ, ಆರಂಭಕ್ಕೆ ಅಷ್ಟು ಸಾಕು. ನಾನು ಬಳ್ಳಾರಿಯಲ್ಲಿ ಶಾಲೆಯ ಕೆಲಸ ಬಿಟ್ಟು ಈ ಕಸುಬಿಗೆ ಇಳಿದಾಗ ನನಗೆ ನಲವತ್ತೊಂದು, ಕೈಯಲ್ಲಿದ್ದದ್ದು ಒಂದೇ ಮನೆ.

ನಿಮ್ಮ ವಯಸ್ಸು ನಿಮಗೆ ಏನು ಕೊಟ್ಟಿದೆ ಎಂಬುದಕ್ಕೆ ಅಡುಗೆಕಟ್ಟೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಮಾಡ್ಯುಲರ್ ಕಿಚನ್ ಮಾರುವವರ ಪುಸ್ತಕದಲ್ಲಿ ಕಟ್ಟೆಯ ಎತ್ತರ ಸಾಮಾನ್ಯವಾಗಿ 33ರಿಂದ 34 ಇಂಚು ಇರುತ್ತದೆ, ತರಕಾರಿ ಹೆಚ್ಚುವುದಕ್ಕೆ, ಅನ್ನ ಸಾರು ಇಳಿಸುವುದಕ್ಕೆ ಅದು ಸರಿಯೇ. ಆದರೆ ನಮ್ಮ ಸೀಮೆಯಲ್ಲಿ ದಿನಕ್ಕೆ ಹತ್ತು ಹದಿನೈದು ಜೋಳದ ರೊಟ್ಟಿ ಬಡಿಯುವ ಮನೆಗಳಿವೆ. ಆ ಎತ್ತರದಲ್ಲಿ ರೊಟ್ಟಿ ಬಡಿದರೆ ಪ್ರತಿ ಏಟಿಗೂ ಭುಜ ಮೇಲೇಳಬೇಕಾಗುತ್ತದೆ, ಒಲೆಯ ಎತ್ತರವೂ ಸೇರಿ ಹಂಚು ಇನ್ನಷ್ಟು ಮೇಲೆ ಹೋಗುತ್ತದೆ. ಹೊಸ ಅಡುಗೆಮನೆ ಮಾಡಿಸಿದ ಎಷ್ಟೋ ಮನೆಗಳಲ್ಲಿ ಅತ್ತೆಯವರು ಹಿತ್ತಲಲ್ಲಿ ಇನ್ನೊಂದು ಒಲೆ ಹೂಡಿಕೊಂಡಿರುವುದನ್ನು ನೀವೂ ಕಂಡಿರಬೇಕು. ಒಲೆಯ ಪಕ್ಕದಲ್ಲಿ ಎರಡೂವರೆ ಅಡಿ ಉದ್ದದ ಕಟ್ಟೆಯನ್ನು ನಾಲ್ಕು ಇಂಚು ಇಳಿಸಿ ಕಟ್ಟಿಸಿದರೆ ಆ ತೊಂದರೆ ಬಹುಪಾಲು ಮುಗಿಯುತ್ತದೆ. ಇಪ್ಪತ್ತೈದು ವರ್ಷ ರೊಟ್ಟಿ ಬಡಿದ ಕೈಗೆ ಇದು ಹೇಳಿಕೊಡದೆಯೇ ಗೊತ್ತಿರುತ್ತದೆ, ಕಾಲೇಜಿನಿಂದ ಈಗಷ್ಟೇ ಬಂದ ಹುಡುಗನಿಗೆ ಗೊತ್ತಿರುವುದು ಕಷ್ಟ. ಬೋರಿನ ಗಡಸು ನೀರು ಬಿದ್ದಲ್ಲಿ ಕಪ್ಪು ಹೊಳಪಿನ ಟೈಲ್ಸಿನ ಮೇಲೆ ಬಿಳಿ ಕಲೆ ಎದ್ದು ಕಾಣುತ್ತದೆ, ಸಂಡೂರಿನ ಕಡೆಯ ಕೆಂಪು ಧೂಳಿಗೆ ಬಾಗಿಲಿಲ್ಲದ ಶೋಕೇಸು ವಾರಕ್ಕೇ ಮಂಕಾಗುತ್ತದೆ, ಪಡುವಣ ಗೋಡೆಗೆ ತಾಗಿಸಿ ಹಾಕಿದ ಮಂಚದ ಮೇಲೆ ಮೇ ತಿಂಗಳಲ್ಲಿ ಯಾರೂ ಮಲಗಲಾರರು ಎಂಬ ಮಾತುಗಳೂ ಇದೇ ಬಗೆಯವು.

ಆದರೆ ಒಂದು ಎಚ್ಚರಿಕೆಯನ್ನು ನಿಷ್ಠುರವಾಗಿಯೇ ಹೇಳಬೇಕು. ನಿಮ್ಮ ಮನೆ ಚೆನ್ನಾಗಿ ಬಂದದ್ದು ನೀವು ದಿನವೂ ಅಲ್ಲಿಯೇ ನಿಂತಿದ್ದುದರಿಂದ. ತಪ್ಪಾದದ್ದನ್ನು ಆಗಲೇ ಕಂಡು, ಆಗಲೇ ತೆಗೆಸಿ, ಅದರ ಖರ್ಚನ್ನೂ ನೀವೇ ನುಂಗಿದ್ದೀರಿ. ಬೇರೆಯವರ ಮನೆಯಲ್ಲಿ ನಿಮ್ಮ ಬದಲು ನಿಲ್ಲಬೇಕಾದದ್ದು ಕಾಗದ. ಆದ್ದರಿಂದ ಮೊದಲು ಕಲಿಯಬೇಕಾದದ್ದು ಬಣ್ಣ, ಪರದೆ, ದೀಪಗಳನ್ನಲ್ಲ, ಅಳತೆಯನ್ನು ಮತ್ತು ಅಳತೆಯನ್ನು ನಕ್ಷೆಗೆ ಇಳಿಸುವುದನ್ನು. ನನ್ನ ಎರಡನೆಯ ಕೆಲಸದಲ್ಲಿ ಅಡುಗೆಮನೆಯ ಗೋಡೆಗೆ ಟೈಲ್ಸ್ ಹಚ್ಚುವ ಮೊದಲೇ ಟೇಪು ಹಿಡಿದು, ಆ ಅಳತೆಯನ್ನೇ ಬಡಿಗೇರರಿಗೆ ಕೊಟ್ಟುಬಿಟ್ಟಿದ್ದೆ. ಎರಡೂ ಬದಿ ಗಾರೆ, ಟೈಲ್ಸ್ ಸೇರಿ ಹೆಚ್ಚುಕಡಿಮೆ ಎರಡು ಇಂಚು ಒಳಗೆ ಬಂದವು, ಸಿದ್ಧವಾಗಿ ಬಂದ ಪೆಟ್ಟಿಗೆಗಳು ಬಾಗಿಲಲ್ಲಿಯೇ ನಿಂತವು. ಕೊಯ್ಸಿ ಮರಳಿ ಕೂಡಿಸಿದ ಕೂಲಿಯನ್ನು ಕೈಯಿಂದ ಕೊಟ್ಟ ಮೇಲೆ ಆ ಕೆಲಸದಲ್ಲಿ ನನಗೆ ಉಳಿದದ್ದು ಬಸ್ಸಿನ ಖರ್ಚು ಮಾತ್ರ. ಗೋಡೆಯ ಅಗಲವನ್ನು ಕೆಳಗೆ, ನಡುವೆ, ಮೇಲೆ ಹೀಗೆ ಮೂರು ಕಡೆ ಅಳೆದು ಮೂರರಲ್ಲಿ ಚಿಕ್ಕದನ್ನು ಹಿಡಿಯುವುದು, ತೂಗುಗುಂಡು ಬಿಟ್ಟು ಗೋಡೆ ನೆಟ್ಟಗಿದೆಯೇ ನೋಡುವುದು, ಸ್ವಿಚ್‌ಬೋರ್ಡು, ನಲ್ಲಿ, ತೊಲೆಗಳನ್ನು ನೆಲದಿಂದ ಎಷ್ಟು ಎತ್ತರವೆಂದು ಬರೆದುಕೊಳ್ಳುವುದು ಅಂದಿನಿಂದ ನನಗೆ ರೂಢಿಯಾಯಿತು.

ಇನ್ನು ನಿಮ್ಮ ಗಿರಣಿಯ 19 ವರ್ಷ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ನೋಡಿ. ಆರು ಅಡಿ ಅಗಲ, ಏಳು ಅಡಿ ಎತ್ತರ, ಎರಡು ಅಡಿ ಆಳದ ಒಂದು ಬಟ್ಟೆ ಕಪಾಟಿಗೆ ಮೂರು ನಿಲುವು ಹಲಗೆ, ಮೇಲೊಂದು ಕೆಳಗೊಂದು, ಒಳಗೆ ಮೂರಡಿಯ ನಾಲ್ಕು ಅಡ್ಡಹಲಗೆ, ಮುಂದೆ ಒಂದೂವರೆ ಅಡಿ ಅಗಲದ ನಾಲ್ಕು ಬಾಗಿಲು ಎಂದುಕೊಳ್ಳಿ. ಒಟ್ಟು 132 ಚದರ ಅಡಿ. ಪ್ಲೈವುಡ್ಡಿನ ಒಂದು ಹಾಳೆ ಎಂಟಕ್ಕೆ ನಾಲ್ಕು ಅಡಿ, ಅಂದರೆ 32 ಚದರ ಅಡಿ. ಭಾಗಿಸಿದರೆ 18 ಎಂಎಂ ದಪ್ಪದ ಐದು ಹಾಳೆ ಧಾರಾಳವಾಗಿ ಸಾಕು ಎನ್ನಿಸುತ್ತದೆ. ಆದರೆ ಗ್ರಾಫ್ ಹಾಳೆಯ ಮೇಲೆ ತುಂಡುಗಳನ್ನು ಜೋಡಿಸಿ ನೋಡಿ: ಬಾಗಿಲುಗಳಿಗೆ ಎರಡು ಹಾಳೆ ಹೋಗಿ ಒಂದೊಂದು ಅಡಿಯ ಪಟ್ಟಿ ಮಾತ್ರ ಉಳಿಯುತ್ತದೆ, ಉಳಿದ ಮೂರರಲ್ಲಿ ನಿಲುವು, ಮೇಲು, ಕೆಳಗು ಮತ್ತು ಮೂರು ಅಡ್ಡಹಲಗೆ ಕೂಡುತ್ತವೆ, ನಾಲ್ಕನೆಯ ಅಡ್ಡಹಲಗೆಗೆ ಎಲ್ಲಿಯೂ ಜಾಗವಿಲ್ಲ. ಅದೊಂದಕ್ಕಾಗಿ ಆರನೆಯ ಹಾಳೆ ತರಬೇಕು, ಇಲ್ಲವೇ ಆ ಅಡ್ಡಹಲಗೆಯನ್ನು ಬಿಟ್ಟು ಬಟ್ಟೆ ತೂಗುಹಾಕುವ ಕೊಳವೆ ಕೂಡಿಸಬೇಕು. ಈ ತೀರ್ಮಾನವನ್ನು ಅಂಗಡಿಗೆ ಹೋಗುವ ಮೊದಲೇ ಮಾಡಿಕೊಂಡವರಿಗೆ ಹಣ ಉಳಿಯುತ್ತದೆ. ಹಾಳೆಯ ಮೇಲಿನ ಮುದ್ರೆಯನ್ನೂ ಓದಲು ಕಲಿಯಿರಿ. ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್ಡಿನ ಮಾನಕ; ಅದರಲ್ಲಿಯೂ ಎಂಆರ್ (ತೇವ ತಾಳುವುದು) ಎಂದಿದ್ದರೆ ಒಣ ಕೋಣೆಗೆ, ಬಿಡಬ್ಲ್ಯೂಆರ್ (ಕುದಿನೀರನ್ನೂ ತಾಳುವುದು) ಎಂದಿದ್ದರೆ ಅಡುಗೆಮನೆಗೆ. ಐಎಸ್ 710 ಮರೈನ್ ದರ್ಜೆ, ಅದು ಸಿಂಕಿನ ಕೆಳಗೆ ಇರಲಿ. ಎಲ್ಲ ಕಡೆಯೂ ಮರೈನ್ ಹಾಕಿಸಿ ಎಂದು ಹೇಳುವವರು ನಿಮ್ಮ ಗ್ರಾಹಕರ ಹಿತವನ್ನು ನೋಡುತ್ತಿಲ್ಲ.

ಕೋರ್ಸ್ ಕಡ್ಡಾಯವಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಲು ಮಂಡಳಿಯ ನೋಂದಣಿ ಬೇಕೇ ಬೇಕು. ಒಳಾಂಗಣ ವಿನ್ಯಾಸಕರು ಎನ್ನಿಸಿಕೊಳ್ಳಲು ಅಂಥ ನಿರ್ಬಂಧವಿಲ್ಲ. ಹಾಗಿದ್ದರೂ ವಾರಾಂತ್ಯಕ್ಕೆ ನಡೆಯುವ, ಕೈಯಿಂದ ನಕ್ಷೆ ಬಿಡಿಸುವುದನ್ನು ಕಲಿಸುವ ಒಂದು ವರ್ಷದ ಡಿಪ್ಲೊಮಾ ಸಿಕ್ಕರೆ ಸೇರಿಕೊಳ್ಳಿ. ಸಿಗದಿದ್ದರೆ ಊರಿನ ಸಿವಿಲ್ ಎಂಜಿನಿಯರ್ ಒಬ್ಬರ ಕಚೇರಿಯಲ್ಲಿ ಆರು ತಿಂಗಳು ಕುಳಿತು ಪ್ಲ್ಯಾನ್ (ಮೇಲಿನಿಂದ ಕಂಡ ನೋಟ), ಎಲಿವೇಷನ್ (ಎದುರಿನ ನೋಟ), ಸೆಕ್ಷನ್ (ಕೊಯ್ದು ತೋರಿಸುವ ನೋಟ) ಮೂರನ್ನೂ ಒಂದಕ್ಕೆ ಐವತ್ತರ ಅಳತೆಯಲ್ಲಿ ಬಿಡಿಸುವುದನ್ನು ಕಲಿತರೂ ನಡೆಯುತ್ತದೆ. ನಿಮ್ಮ ಮಗ ನಗುವ ಕಂಪ್ಯೂಟರ್ ಅದರ ನಂತರ ಬರಲಿ. ನಕ್ಷೆ ಬಿಡಿಸುವ ತಂತ್ರಾಂಶವಾದ ಸ್ಕೆಚ್‌ಅಪ್‌ನ ಉಚಿತ ಆವೃತ್ತಿ ಬ್ರೌಸರಿನಲ್ಲಿಯೇ ತೆರೆಯುತ್ತದೆ, ಟ್ಯಾಲಿ ಕಲಿತ ಕೈಗೆ ಅದು ಕಷ್ಟವಾಗದು. ಮೊದಲ ವಾರ ಆ ಮಗನೇ ಗುರುವಾಗಲಿ.

ಬಡಿಗೇರರ ಬಗ್ಗೆ ಯಜಮಾನರ ಆತಂಕ ಪೂರ್ತಿ ಸುಳ್ಳಲ್ಲ, ಆದರೆ ಅವರು ಕೇಳದಿರುವುದು ಹೆಣ್ಣಿನ ಮಾತನ್ನು ಎನ್ನುವುದಕ್ಕಿಂತ ದಿನಕ್ಕೊಮ್ಮೆ ಬದಲಾಗುವ ಮಾತನ್ನು. ಮನೆಯವರು ಒಂದು ಹೇಳಿ, ನೀವು ಇನ್ನೊಂದು ಹೇಳಿದರೆ ಯಾರಾದರೂ ಏನು ಮಾಡಿಯಾರು? ಅಳತೆ ಬರೆದ ನಕ್ಷೆಗೆ ಮನೆಯವರ ಸಹಿ ಹಾಕಿಸಿ, ಒಂದು ಪ್ರತಿಯನ್ನು ಕೆಲಸ ನಡೆಯುವ ಗೋಡೆಗೇ ಅಂಟಿಸಿ. ಬದಲಾವಣೆಯಿದ್ದರೆ ಅದರ ಮೇಲೆಯೇ ಬರೆಯಿರಿ. ಅವರ ಅಳತೆಯ ಭಾಷೆಯನ್ನೂ ಕಲಿಯಬೇಕು. ಇಂಚಿನ ಎಂಟನೆಯ ಒಂದು ಭಾಗಕ್ಕೆ ಕೆಲವರು ಸೂತ ಎನ್ನುತ್ತಾರೆ, ಕೆಲವರು ನೂಲು ಎನ್ನುತ್ತಾರೆ. ‘ಎರಡು ಸೂತ ಬಿಡಿರಿ’ ಎಂದು ನೀವು ಹೇಳಿದ ದಿನ ಮೇಸ್ತ್ರಿ ನಿಮ್ಮತ್ತ ನೋಡುವ ರೀತಿಯೇ ಬದಲಾಗುತ್ತದೆ.

ಹಣದ ವಿಷಯದಲ್ಲಿ ನಿಮಗೆ ಹೆಚ್ಚು ಹೇಳಬೇಕಿಲ್ಲ. ಸಾಲ ಮಾಡಬೇಡಿ, ಟೇಪು, ಮಟ್ಟ, ಡ್ರಾಯಿಂಗ್ ಬೋರ್ಡು, ಒಂದು ಲ್ಯಾಪ್‌ಟಾಪಿಗೆ ಸಾಲ ಬೇಕಾಗಿಲ್ಲ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಗೊಡವೆಯೂ ಇಲ್ಲ. ಆದರೆ ನಿಮ್ಮ ಸೀಮೆಯ ಗ್ರಾಹಕರು ಬಹುಪಾಲು ಭತ್ತದ ದುಡ್ಡಿನವರು, ಕಾಲುವೆಗೆ ನೀರು ಬಿಟ್ಟರೆ ಅವರ ಮನೆಯ ಕೆಲಸವೂ ಹರಿಯುತ್ತದೆ. ಸುಗ್ಗಿಗೆ ಕೊಡುತ್ತೇವೆ ಎಂಬ ಮಾತಿಗೆ ಒಪ್ಪಿಕೊಳ್ಳಿ, ಆದರೆ ನಕ್ಷೆಯ ಸಂಭಾವನೆಯನ್ನು ನಕ್ಷೆ ಕೊಡುವ ದಿನವೇ ಪಡೆಯಿರಿ. ನೆರೆಯವರಿಂದಲೂ. ಮೊದಲ ಮನೆಗೆ ಪುಕ್ಕಟೆ ಮಾಡಿಕೊಟ್ಟರೆ ಐದನೆಯವರೂ ಪುಕ್ಕಟೆಯೇ ಕೇಳುತ್ತಾರೆ.

ಪ್ರಶ್ನೆ: ವಯಸ್ಸು 57. ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದೇನೆ, ಮೂರು ವರ್ಷಕ್ಕೆ ನಿವೃತ್ತಿ. ಆನ್‌ಲೈನ್ ಸಂಸ್ಥೆಯೊಂದು ಆರು ತಿಂಗಳ ಇಂಟೀರಿಯರ್ ಕೋರ್ಸಿಗೆ 1.8 ಲಕ್ಷ ರೂಪಾಯಿ ಕೇಳಿ, ಕೆಲಸದ ಖಾತರಿ ಕೊಡುತ್ತಿದೆ. ಕಟ್ಟಲೇ?
— ಓದುಗ, ಶಕ್ತಿನಗರ

ಉತ್ತರ: ಕಟ್ಟಬೇಡಿ. 60 ತುಂಬಿದವರಿಗೆ ಕೆಲಸದ ಖಾತರಿ ಎಂದರೆ ಯಾವ ಕೆಲಸ, ಯಾರ ಬಳಿ, ಎಷ್ಟು ಸಂಬಳಕ್ಕೆ ಎಂದು ಬರೆದುಕೊಡಿ ಎಂದು ಕೇಳಿ ನೋಡಿ, ಫೋನು ಬರುವುದು ತಾನಾಗಿಯೇ ನಿಲ್ಲುತ್ತದೆ. ನಿಮ್ಮ ಕೈಯಲ್ಲಿರುವ ವಿದ್ಯೆಯೇ ಈ ಕಸುಬಿನಲ್ಲಿ ಬಹಳ ಜನರಿಗೆ ಇಲ್ಲದ್ದು. ಮಂಚ ಎಲ್ಲಿ ಬರುತ್ತದೆಂದು ತಿಳಿಯದೆ ಪಾಯಿಂಟು ಹಾಕಿ, ಆಮೇಲೆ ಕಪಾಟಿನ ಬೆನ್ನಿಗೆ ಸ್ವಿಚ್ಚು ಸಿಕ್ಕಿಕೊಂಡ ಮನೆಗಳು ರಾಯಚೂರಿನಲ್ಲಿ ಬೇಕಾದಷ್ಟಿವೆ. ಫಾಲ್ಸ್ ಸೀಲಿಂಗ್ ಇಳಿಸಿದ ಮೇಲೆ ಫ್ಯಾನು ಎಲ್ಲಿ ತೂಗಬೇಕು, ಎಸಿ ಮತ್ತು ಗೀಸರಿಗೆ ಪ್ರತ್ಯೇಕ ಲೈನು ಎಲ್ಲಿಂದ ಬರಬೇಕು, ಅಡುಗೆಕಟ್ಟೆಯ ಮೇಲೆ ಕೈಯ ನೆರಳು ಬೀಳದಂತೆ ದೀಪ ಎಲ್ಲಿರಬೇಕು ಎಂಬುದನ್ನು ಪೀಠೋಪಕರಣದ ನಕ್ಷೆಯ ಮೇಲೆಯೇ ಗುರುತಿಸಿ ಕೊಡುವವರನ್ನು ವಿನ್ಯಾಸಕರೂ ಎಂಜಿನಿಯರರೂ ಹುಡುಕಿಕೊಂಡು ಬರುತ್ತಾರೆ. ಇಡೀ ಮನೆಯ ಅಂದವನ್ನು ಹೊತ್ತುಕೊಳ್ಳುವ ಬದಲು ಈ ಒಂದು ಭಾಗವನ್ನೇ ಹಿಡಿಯಿರಿ. ಗೋಡೆ ಒಡೆಸುವ ಪ್ರಶ್ನೆ ಬಂದರೆ ಮಾತ್ರ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಹೂಂ ಎನ್ನಬೇಡಿ.

ಪ್ರಶ್ನೆ: ಬಳ್ಳಾರಿಯಲ್ಲಿ ಎರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಈಗ 50 ವರ್ಷ. ಗ್ರಾಹಕರನ್ನು ಕರೆದುಕೊಂಡು ಹೋದರೆ ಪ್ಲೈವುಡ್ ಅಂಗಡಿಯವರು ಕಮಿಷನ್ ಕೊಡುತ್ತಾರೆ. ತೆಗೆದುಕೊಳ್ಳುವುದು ತಪ್ಪೇ?
— ಓದುಗಳು, ಬಳ್ಳಾರಿ

ಉತ್ತರ: ಗ್ರಾಹಕರಿಗೆ ಹೇಳಿ ತೆಗೆದುಕೊಂಡರೆ ತಪ್ಪಲ್ಲ, ಮುಚ್ಚಿಟ್ಟರೆ ತಪ್ಪು, ಅಷ್ಟೇ ಅಲ್ಲ ದಡ್ಡತನ. ನಮ್ಮೂರು ಅಷ್ಟು ದೊಡ್ಡದಲ್ಲ, ಅಂಗಡಿಯವರ ಭಾವಮೈದುನನೇ ನಾಳೆ ನಿಮ್ಮ ಗ್ರಾಹಕನಾಗುತ್ತಾನೆ. ನಾನು ಆ ಮೊತ್ತವನ್ನು ಬಿಲ್ಲಿನಲ್ಲಿಯೇ ಇಳಿಸಿಕೊಡಿ ಎಂದು ಅಂಗಡಿಯವರಿಗೆ ಹೇಳಿ, ನನ್ನ ಸಂಭಾವನೆಯನ್ನು ಚದರ ಅಡಿಗೆ ಇಷ್ಟು ಎಂದು ಮೊದಲೇ ಬರೆದುಕೊಡುತ್ತೇನೆ. ಹಾಗೆ ಬರೆದ ಮೊದಲ ವರ್ಷ ಇಬ್ಬರು ದುಬಾರಿ ಎಂದು ಬಿಟ್ಟು ಹೋದರು. ಅವರಲ್ಲಿ ಒಬ್ಬರು ಮರುವರ್ಷ ಮಗಳ ಮನೆಗೆ ಕರೆದರು.