ನೀವು ಹೇಳಲಾಗದೆ ನಿಂತ ಸಾಲು

ಪ್ರಿಯ ಸಹೋದರಿಯವರೇ,

ಕ್ರಿಸ್ತನಲ್ಲಿ ವಂದನೆಗಳು. ‘ದೇವರ ಚಿತ್ತಕ್ಕೆ ಶರಣಾಗೋಣ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೆ ಕಾರಣ ಮೂರನೆಯ ಪುಟದ ಒಂದು ವಾಕ್ಯ.

ಮೊದಲ ಪುಟದಲ್ಲಿ ‘ಅಣ್ಣ ತೀರಿಕೊಂಡರು, ದೇವರ ಚಿತ್ತವೆಂದು ಸಂತೋಷದಿಂದ ಸ್ವೀಕರಿಸಿದೆ’ ಎಂದಿದ್ದೀರಿ. ನಾನು ನಂಬಲಿಲ್ಲ. ಮೂರನೆಯ ಪುಟದಲ್ಲಿ, ಅಣ್ಣನನ್ನು ಮಣ್ಣುಮಾಡಿ ಬಂದ ರಾತ್ರಿ ಮನೆಯವರೆಲ್ಲ ಕರ್ತನ ಪ್ರಾರ್ಥನೆ ಹೇಳುತ್ತಿದ್ದಾಗ ‘ನಿನ್ನ ಚಿತ್ತ ನೆರವೇರಲಿ’ ಎಂಬಲ್ಲಿ ನಿಮ್ಮ ಗಂಟಲು ಕಟ್ಟಿತು ಎಂದಿದ್ದೀರಿ. ಅದನ್ನು ನಂಬಿದೆ. ಲೇಖನ ಅಲ್ಲಿಂದಲೇ ಶುರುವಾಗಬೇಕು. ನೀವೋ ಅದನ್ನು ಒಂದೇ ವಾಕ್ಯದಲ್ಲಿ ಮುಗಿಸಿ, ತಪ್ಪು ಮಾಡಿದವರಂತೆ ಕ್ಷಮೆ ಕೇಳಿದ್ದೀರಿ.

ಮತ್ತಾಯನ ಸುವಾರ್ತೆಯ 26ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ಬೋರಲು ಬಿದ್ದು, ಸಾಧ್ಯವಾದರೆ ಈ ಸಂಕಟದ ಪಾತ್ರೆ ತಮ್ಮನ್ನು ಬಿಟ್ಟುಹೋಗಲಿ, ಆದರೂ ತಂದೆಯ ಚಿತ್ತದಂತೆಯೇ ಆಗಲಿ ಎಂದು ಬೇಡುತ್ತಾರೆ. ಎರಡನೆಯ ಸಲ ಮಾತು ತುಸು ಬದಲಾಗಿದೆ: ಕುಡಿದ ಹೊರತು ಇದು ಹೋಗಲಾರದಾದರೆ ನಿನ್ನ ಚಿತ್ತವೇ ಆಗಲಿ. ಈ ಕೊನೆಯ ಮಾತು 6ನೆಯ ಅಧ್ಯಾಯದಲ್ಲಿ ಅವರೇ ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆಯದು. ಗ್ರೀಕ್ ಮೂಲದಲ್ಲಿ ಎರಡೂ ಕಡೆ ಅವೇ ಪದಗಳು. ನೀವು ಹೇಳಲಾಗದೆ ನಿಂತ ಸಾಲೂ ಅದೇ. ಮೂರನೆಯ ಸಲ ಅವರು ಮತ್ತೆ ಹೋಗಿ ಅದನ್ನೇ ಪ್ರಾರ್ಥಿಸಿದರು. ಒಂದೇ ಸಲಕ್ಕೆ ಎದ್ದು ಬರಲು ಅವರಿಗೇ ಆಗಲಿಲ್ಲ ಎಂದ ಮೇಲೆ ನೀವು ಯಾರಲ್ಲಿ ಕ್ಷಮೆ ಕೇಳುತ್ತಿದ್ದೀರಿ? ಯೇಸುವಿನ ತಾಯಿ ಮರಿಯಳು ಕೂಡ, ಮಗ ಹುಟ್ಟುವನೆಂದು ತಿಳಿಸಿದ ದೇವದೂತನಿಗೆ ‘ನಾನು ಕರ್ತನ ದಾಸಿ’ ಎನ್ನುವ ಮೊದಲು ‘ಇದು ಹೇಗಾದೀತು?’ ಎಂದು ಕೇಳಿದ್ದಳು.

ಐದನೆಯ ಪುಟದ ಒಂದು ಪರಿಚ್ಛೇದಕ್ಕೆ ಮಾತ್ರ ಪೂರ್ತಿ ಕತ್ತರಿ ಹಾಕಿದ್ದೇನೆ. ಗಂಡನ ಹೊಡೆತವನ್ನೂ ದೇವರ ಚಿತ್ತವೆಂದು ಸಹಿಸಬೇಕು ಎಂದು ಬರೆದಿದ್ದೀರಿ. ಅದನ್ನು ಎಂದಿಗೂ ಅಚ್ಚುಹಾಕುವುದಿಲ್ಲ. ಹೊಡೆಯುವವನ ಚಿತ್ತಕ್ಕೆ ದೇವರ ಹೆಸರಿಡುವ ಹಕ್ಕು ನಮಗಿಲ್ಲ. ಬೈಬಲಿನಲ್ಲಿ, ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಅವನ ನೋವಿಗೆಲ್ಲ ದೇವರ ಪರವಾಗಿ ಕಾರಣ ಹೇಳಿದರು. ಕೊನೆಗೆ ದೇವರು ಸಿಟ್ಟಾದದ್ದು ಅವರ ಮೇಲೆ, ಗೋಳಾಡಿ ವಾದಿಸಿದ ಯೋಬನ ಮೇಲಲ್ಲ. ನಿಮ್ಮ ಆ ಸಾಲನ್ನು ಓದಿ ಒಬ್ಬ ಹೆಣ್ಣುಮಗಳು ಆ ಮನೆಯಲ್ಲೇ ಉಳಿದುಬಿಟ್ಟರೆ, ಅದರ ಹೊಣೆ ನನ್ನದೂ ಹೌದು.

ಲೇಖನದಲ್ಲಿ ಬೈಬಲ್ ವಚನಗಳು ಹದಿನೇಳಿವೆ. ಎರಡು ಸಾಕು. ಉಳಿದವು ನಿಮ್ಮ ದುಃಖವನ್ನು ಮುಚ್ಚುವ ಹೊದಿಕೆಯಾಗಿವೆ.

‘ನಿನ್ನ ಚಿತ್ತ ನೆರವೇರಲಿ’ ಎಂಬ ಸಾಲನ್ನು ನೀವು ಮತ್ತೆ ಯಾವಾಗ ಹೇಳಿದಿರಿ ಎಂಬುದು ಲೇಖನದಲ್ಲಿ ಎಲ್ಲೂ ಇಲ್ಲ. ಅದನ್ನು ಬರೆದು ಕಳುಹಿಸಿ. ಇನ್ನೂ ಹೇಳಲಾಗಿಲ್ಲವಾದರೆ ಹಾಗೆಂದೇ ಬರೆಯಿರಿ, ಪ್ರಕಟಿಸುತ್ತೇನೆ.

ಸಂಪಾದಕ