ಕೊನೆ ಗೊತ್ತಿಲ್ಲದೆ ಬರೆದ ಪತ್ತೇದಾರಿ

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: 'ನಾನೊಂದು ಪತ್ತೇದಾರಿ ಕಾಮಿಕ್ಸ್ ಮಾಡುತ್ತಿದ್ದೇನೆ. ಕತೆ ಪೂರ್ತಿ ಗೊತ್ತಾಗುವವರೆಗೆ ಚಿತ್ರಕ್ಕೆ ಕೈ ಹಾಕಬೇಡ ಅಂತಾರೆ ಗೆಳೆಯರು. ಕಳೆದ ಸಂಚಿಕೆಯಲ್ಲಿ ನೀವು ಅಮೆರಿಕದ ಪತ್ರಿಕೆಗಳ ಪತ್ತೇದಾರಿ ಕಾಮಿಕ್ಸ್ ಡಿಕ್ ಟ್ರೇಸಿ ಬಗ್ಗೆ ನಾಲ್ಕೇ ಸಾಲು ಬರೆದಿರಿ. ಆ ಕಾಮಿಕ್ಸ್ ಬರೆದವರು ಹೇಗೆ ಕೆಲಸ ಮಾಡುತ್ತಿದ್ದರು? ಅವರ ಕೇಡಿಗಳ ಮುಖವೆಲ್ಲ ಯಾಕಷ್ಟು ವಿಕಾರ?'

ನಾಲ್ಕೇ ಸಾಲಿಗೆ ಮುಗಿಸಿದ್ದು ನನ್ನ ತಪ್ಪು. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಡಿಕ್ ಟ್ರೇಸಿ ಬರೆದ ಚೆಸ್ಟರ್ ಗೌಲ್ಡ್ ಅಮೆರಿಕದ ಒಕ್ಲಹೋಮಾದವರು, ಹುಟ್ಟಿದ್ದು 1900ರಲ್ಲಿ. 1921ರಲ್ಲಿ ಚಿತ್ರ ಬರೆದು ಬದುಕುತ್ತೇನೆ ಅಂತ ಶಿಕಾಗೋಗೆ ಬಂದರು. ಆ ಊರಲ್ಲಿ ಅದು ಗ್ಯಾಂಗ್ ನಾಯಕ ಅಲ್ ಕಪೋನ್ ಕಾಲ. ಹೆಂಡಕ್ಕೆ ನಿಷೇಧ, ಕಳ್ಳ ಹೆಂಡಕ್ಕಾಗಿ ಗ್ಯಾಂಗುಗಳ ಹೊಡೆದಾಟ, ಬೀದಿಯಲ್ಲೇ ಗುಂಡಿನ ಸದ್ದು. ಪೇಪರ್ ತೆರೆದರೆ ಇದೇ ಸುದ್ದಿ. ಇವರನ್ನು ಹಿಡಿಯೋರೇ ಇಲ್ವಾ ಅನ್ನೋ ಸಿಟ್ಟಿನಿಂದ ಹುಟ್ಟಿದವನು ಟ್ರೇಸಿ. ಮೂಗು, ದವಡೆ ಚೂಪು ಮಾಡುವಾಗ ಅವರ ಕಣ್ಣ ಮುಂದೆ ಷರ್ಲಾಕ್ ಹೋಮ್ಸ್ ಇದ್ದ. ಆದರೆ ಕತೆ ಬಂದಿದ್ದು ಬೆಳಗಿನ ಪೇಪರ್‌ನಿಂದ. ಮೊದಲ ಕತೆಗಳ ಖಳ 'ಬಿಗ್ ಬಾಯ್' ನೇರವಾಗಿ ಕಪೋನನ ಪಡಿಯಚ್ಚು.

ಗೌಲ್ಡ್ ಮೊದಲು ಇಟ್ಟ ಹೆಸರು 'ಪ್ಲೇನ್‌ಕ್ಲೋತ್ಸ್ ಟ್ರೇಸಿ', ಅಂದರೆ ನಮ್ಮ ಮಾತಲ್ಲಿ ಮಫ್ತಿ ಟ್ರೇಸಿ. ಪತ್ರಿಕೆಯ ಒಡೆಯ ಜೋಸೆಫ್ ಪ್ಯಾಟರ್ಸನ್ ಅದನ್ನು 'ಡಿಕ್ ಟ್ರೇಸಿ' ಮಾಡಿದರು. ಡಿಕ್ ಅಂದರೆ ಅಲ್ಲಿನ ಆಡುಮಾತಲ್ಲಿ ಪತ್ತೇದಾರ. 1931ರ ಅಕ್ಟೋಬರ್ 4ರಂದು ಪತ್ರಿಕೆಯಲ್ಲಿ ಈ ಕಾಮಿಕ್ಸ್ ಶುರುವಾಯಿತು. ಶುರುವಾದ ಕೆಲವೇ ದಿನಗಳಲ್ಲಿ ಟ್ರೇಸಿ ಮದುವೆಯಾಗಬೇಕಿದ್ದ ಹುಡುಗಿಯ ಅಪ್ಪನನ್ನು ದರೋಡೆಕೋರರು ಗುಂಡಿಟ್ಟು ಕೊಲ್ಲುತ್ತಾರೆ. ಟ್ರೇಸಿ ಪೊಲೀಸ್ ಆಗುವುದು ಆಮೇಲೆ. ಮನೆಮಂದಿಯೆಲ್ಲ ಓದುವ ಕಾಮಿಕ್ಸ್ ಪುಟದಲ್ಲಿ ಹೆಣ ಬಿದ್ದಿತ್ತು. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ.

ಈಗ ನಿಮ್ಮ ಗೆಳೆಯರ ಮಾತು. ಗೌಲ್ಡ್ ಕೊನೆ ಗೊತ್ತಿಟ್ಟುಕೊಂಡು ಬರೆದವರಲ್ಲ. ನಾಳೆ ಏನಾಗುತ್ತೆ ಅಂತ ತನಗೇ ಗೊತ್ತಿಲ್ಲದಿದ್ದರೆ ಓದುಗರಿಗೆ ಹೇಗೆ ಗೊತ್ತಾದೀತು ಅನ್ನೋ ಲೆಕ್ಕ. ಒಮ್ಮೆ ಇದೇ ಅವರಿಗೆ ಮುಳುವಾಯಿತು. ಟ್ರೇಸಿಯನ್ನು ಬಾವಿಯಂಥ ಆಳದ ಗುಂಡಿಗೆ ಇಳಿಸಿ, ಮೇಲಿಂದ ದೊಡ್ಡ ಬಂಡೆ ಬೀಳಿಸಿಬಿಟ್ಟರು. ಪಾರಾಗುವ ದಾರಿ ಅವರಿಗೇ ಹೊಳೆಯಲಿಲ್ಲ. ಕೊನೆಗೆ ಟ್ರೇಸಿ ತಲೆ ಎತ್ತಿ ಗೌಲ್ಡ್ ಅವರನ್ನೇ ಕರೆಯುವಂತೆ, ಕಲಾವಿದನ ಕೈ ಚೌಕಟ್ಟಿನೊಳಗೆ ಬಂದು ರಬ್ಬರಿನಿಂದ ಬಂಡೆ ಅಳಿಸುವಂತೆ ಬರೆದರು! ಪ್ಯಾಟರ್ಸನ್ ಒಪ್ಪಲಿಲ್ಲ, ಬದಲಿಸಿ ಅಂದರು. ಪ್ಯಾಟರ್ಸನ್ ಮಾಡಿದ್ದು ಸರಿ ಅಂತಲೇ ನನಗನಿಸುತ್ತದೆ. ಅಳಿಸಿದರೆ ಬಂಡೆ ಹೋಗುತ್ತೆ ಅಂತಾದ ಮೇಲೆ ಮುಂದಿನ ಬಂಡೆಗೆ ಯಾರು ಹೆದರುತ್ತಾರೆ? ಕೊನೆ ಗೊತ್ತಿಲ್ಲದೆ ಹೊರಡಿ, ತೊಂದರೆಯಿಲ್ಲ. ಸಿಕ್ಕಿಹಾಕಿಕೊಂಡರೆ ಕತೆಯೊಳಗಿನಿಂದಲೇ ಹೊರಬರಬೇಕು, ಅಷ್ಟೆ.

ಕೇಡಿಗಳ ಮುಖದ ವಿಷಯದಲ್ಲಿ ನನಗೂ ನಿಮ್ಮಷ್ಟೇ ಕಸಿವಿಸಿ. ತಟ್ಟೆಯಂತೆ ಚಪ್ಪಟೆ ತಲೆಯ ಫ್ಲಾಟ್‌ಟಾಪ್, ಮುಖವೆಲ್ಲ ಸುಕ್ಕುಗಟ್ಟಿದ ಪ್ರೂನ್‌ಫೇಸ್ – ಒಮ್ಮೆ ನೋಡಿದರೆ ಮರೆಯೋಲ್ಲ. ಅಪರಾಧ ನೋಡಿದ ಕೂಡಲೇ ಹೇಸಿಗೆ ಹುಟ್ಟಬೇಕು ಅನ್ನೋದು ಗೌಲ್ಡ್ ಹಟ. ಗೆರೆಯ ಮಟ್ಟಿಗೆ ಅದು ಭರ್ಜರಿ ಕೆಲಸ. ಆದರೆ ಮುಖ ವಿಕಾರವಾದವರೆಲ್ಲ ಕೆಟ್ಟವರು ಅಂತ ಮಕ್ಕಳ ತಲೆಯಲ್ಲಿ ಕೂತರೆ? ಗೌಲ್ಡ್ ಮೇಲೆ ಎಷ್ಟೇ ಪ್ರೀತಿ ಇದ್ದರೂ ಇದನ್ನು ನಾನು ಒಪ್ಪಲಾರೆ.

ಅವರಿಂದ ಕಲಿಯುವುದಾದರೆ ಪೊಲೀಸ್ ಕೆಲಸದ ವಿವರದ ಮೇಲಿನ ಶ್ರದ್ಧೆ ಕಲಿಯಿರಿ. ತನಿಖೆಯ ರೀತಿ ತಪ್ಪಬಾರದು ಅಂತ ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದವರನ್ನೇ ಸಹಾಯಕ್ಕೆ ಇಟ್ಟುಕೊಂಡಿದ್ದರು. 1946ರಲ್ಲೇ ಟ್ರೇಸಿ ಕೈಗೆ ವಾಚಿನಂಥ ರೇಡಿಯೋ ಕಟ್ಟಿದರು. 1977ರ ಕೊನೆಯವರೆಗೂ ಬರೆಯುತ್ತಲೇ ಇದ್ದರು.

ನಿಮ್ಮ ಕೇಡಿಗೆ ಮಾತ್ರ ದಿನಾ ಬಸ್ಸಲ್ಲಿ ಪಕ್ಕ ಕೂರುವಂಥ ಮುಖ ಕೊಡಿ. ಮೊದಲ ಎಂಟು ಪುಟ ಆದ ಕೂಡಲೇ ನಮಗೆ ಕಳಿಸಿ. ಪೆನ್ಸಿಲ್ ಗೆರೆ ಹಾಗೇ ಉಳಿದಿದ್ದರೂ ಪರವಾಗಿಲ್ಲ.

– ಸಂಪಾದಕ