ಹಬ್ಬದ ಸೀಸನ್ನಲ್ಲಿ ಬ್ಲೌಸ್ ಆರ್ಡರ್ ಟೈಮಿಗೆ ಕೊಡೋಕೆ ಮುಂಚೆಯಿಂದ ಹೇಗೆ ಪ್ಲಾನ್ ಮಾಡ್ಕೋಬೇಕು?

ಮನೇಲೇ ಬ್ಲೌಸ್ ಹೊಲಿಯೋಕೆ ಶುರು ಮಾಡಿದೀನಿ, ಹಬ್ಬ ಬಂದ್ರೆ ರಾತ್ರಿ ಎರಡು ಗಂಟೆ ತನಕ ಕೂತ್ರೂ ಹೇಳಿದ ದಿನಕ್ಕೆ ಕೊಡೋಕಾಗ್ತಿಲ್ಲ ಅಂತ ಕೇಳಿದೀರಲ್ಲ, ಓದಿದ ತಕ್ಷಣ ನಂಗೆ 2019 ನೆನಪಾಯ್ತು. ನಾನು ದಾವಣಗೆರೆಲಿ ಹದಿಮೂರು ವರ್ಷದಿಂದ ಮನೆ ಮುಂದಿನ ರೂಮಲ್ಲೇ ಹೊಲಿತಿದೀನಿ, ಕೈಕೆಳಗೆ ಯಾರೂ ಇಲ್ಲ, ಕಟಿಂಗಿಂದ ಹುಕ್ಕಿನ ತನಕ ಒಬ್ಬಳೇ.

ಆ ವರ್ಷ ವರಮಹಾಲಕ್ಷ್ಮಿ ಆಗಸ್ಟ್ 9ಕ್ಕೆ ಬಂದಿತ್ತು. ಬಂದವರಿಗೆಲ್ಲ "ಆಯ್ತಕ್ಕ, ಹಬ್ಬಕ್ಕೆ ಕೊಡ್ತೀನಿ" ಅಂದ್ಬಿಟ್ಟಿದ್ದೆ. ಬುಧವಾರ ರಾತ್ರಿ ಒಂದೂವರೆಗೆ ಕಣ್ಣು ಎಳೀತಾ ಇತ್ತು, ಟೇಬಲ್ ಮೇಲೆ ಎರಡು ಗಿಳಿಹಸಿರು ರೇಷ್ಮೆ ಪೀಸು, ಪಕ್ಕದಲ್ಲಿ ಎರಡು ಅಳತೆ ಬ್ಲೌಸು, ಒಂದು 34, ಇನ್ನೊಂದು 38. ಅದಲು ಬದಲಾಗೋಯ್ತು. 38ರವರ ಪೀಸನ್ನ 34ಕ್ಕೆ ಕತ್ತರಿಸಿದೆ, ಒಳಗೆ ಬಿಡೋ ಬಟ್ಟೆನೂ ಸಾಲಲಿಲ್ಲ. ಅದು ಸೀರೆ ಜೊತೆಲೇ ಬಂದಿದ್ದ ಪೀಸು, ಬೇರೆ ತಂದು ಮ್ಯಾಚ್ ಮಾಡೋ ಹಾಗೂ ಇಲ್ಲ. ಗುರುವಾರ ಸಂಜೆ ಅವರು ಹೂವಿನ ಚೀಲ ಹಿಡ್ಕೊಂಡೇ ಬಂದ್ರು, ನಾನು ಹೇಳಿದ್ದು ಕೇಳಿ ಬೈಲಿಲ್ಲ, "ಬಿಡಮ್ಮ, ಹಳೇದೇ ಉಟ್ಕೋತೀನಿ" ಅಂದು ಹೋದ್ರು. ಬೈದಿದ್ರೇ ಎಷ್ಟೋ ವಾಸಿ ಇತ್ತು ಅನ್ನಿಸ್ತು.

ಅವತ್ತು ಗೊತ್ತಾಗಿದ್ದು ಏನಂದ್ರೆ, ಪ್ಲಾನ್ ಮಾಡ್ಬೇಕಾಗಿರೋದು ಬಟ್ಟೆ ಕೈಗೆ ತಗೊಳ್ಳೋ ಹೊತ್ತಲ್ಲಿ, ಮಷೀನ್ ಮುಂದೆ ಕೂತ್ಮೇಲೆ ಏನ್ ಪ್ಲಾನ್ ಮಾಡಿದ್ರೂ ಅದು ಬರೀ ಓಡಾಟ.

ಮೊದಲು ನಿಮ್ಮ ಕೈ ಎಷ್ಟು ಹೊಲಿಯುತ್ತೆ ಅನ್ನೋದನ್ನ ಗಡಿಯಾರ ಇಟ್ಟು ನೋಡಿ, ಅಂದಾಜು ಬೇಡ. ಲೈನಿಂಗ್ ಬ್ಲೌಸಿಗೆ ಒಂದೂವರೆ ಗಂಟೆ ಅಂತ ನಾನು ವರ್ಷಗಟ್ಟಲೆ ಹೇಳ್ಕೊಂಡು ಬಂದಿದ್ದೆ, ಒಂದು ವಾರ ಬರೆದಿಟ್ಟು ನೋಡಿದ್ರೆ ಕಟಿಂಗ್, ಹೊಲಿಗೆ, ಹೆಮ್ಮಿಂಗು, ಹುಕ್ಕು, ಇಸ್ತ್ರಿ ಎಲ್ಲಾ ಸೇರಿ ಎರಡು ಗಂಟೆ ನಲವತ್ತು ನಿಮಿಷ! ಇದು ನಮ್ಮಿಬ್ಬರ ಸಮಸ್ಯೆ ಮಾತ್ರ ಅಲ್ಲ, ಕಾನೆಮನ್ ಮತ್ತು ಟ್ವರ್ಸ್ಕಿ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲೇ ಇದಕ್ಕೆ ಪ್ಲಾನಿಂಗ್ ಫ್ಯಾಲಸಿ ಅಂತ ಹೆಸರು ಕೊಟ್ಟಿದಾರೆ, ಹಿಂದೆ ಎಷ್ಟು ಟೈಮ್ ಹಿಡೀತು ಅಂತ ಗೊತ್ತಿದ್ರೂ ಮುಂದಿನದಕ್ಕೆ ಕಮ್ಮಿನೇ ಹೇಳ್ತೀವಂತೆ. ಅಡುಗೆ, ಮಕ್ಕಳು ಕಳೆದು ನಂಗೆ ಮಷೀನಿಗೆ ಸಿಗೋದು ದಿನಕ್ಕೆ ಆರು ಗಂಟೆ, ಅಂದ್ರೆ ಎರಡು ಬ್ಲೌಸು, ವಾರದ ಆರು ದಿನಕ್ಕೆ ಹನ್ನೆರಡು. ಆದ್ರೆ ನಾನು ಬರ್ಕೊಳ್ಳೋದು ಹತ್ತೇ. ಉಳಿದ ಎರಡು ಜಾಗ ಖಾಲಿ ಬಿಡ್ತೀನಿ, ಆಲ್ಟರೇಷನ್ ಬರುತ್ತೆ, ಮಗೂಗೆ ಜ್ವರ ಬರುತ್ತೆ, ಓಣಿಲಿ ಯಾರಿಗೋ ದಿಢೀರ್ ಎಂಗೇಜ್‌ಮೆಂಟ್ ಗೊತ್ತಾಗುತ್ತೆ. ನೋಟ್‌ಬುಕ್ಕಲ್ಲಿ ವಾರಕ್ಕೊಂದು ಪೇಜು, ಪೇಜಿಗೆ ಹತ್ತು ಗೆರೆ. ಗೆರೆ ತುಂಬಿದ್ರೆ ಪೇಜ್ ತಿರುಗಿಸಿ ಬಂದವರಿಗೇ ತೋರಿಸ್ತೀನಿ, "ನೋಡಿ ಅಕ್ಕ, ಈ ವಾರ ಜಾಗ ಇಲ್ಲ" ಅಂತ. ಬಾಯಲ್ಲಿ ಇಲ್ಲ ಅಂದ್ರೆ ಬೇಜಾರ್ ಮಾಡ್ಕೊಳ್ಳೋರು ಪೇಜ್ ನೋಡಿದ್ರೆ ಒಪ್ಕೋತಾರೆ, ಯಾಕೋ ಗೊತ್ತಿಲ್ಲ.

ಇನ್ನೊಂದು, ಪಂಚಾಂಗ ನೋಡಿ ಪ್ಲಾನ್ ಮಾಡಿ. ಬರೀ ಇಂಗ್ಲಿಷ್ ತಿಂಗಳು ನಂಬ್ಕೊಂಡ್ರೆ ಮೋಸ ಹೋಗ್ತೀರ. 2025ರಲ್ಲಿ ಗಣೇಶ ಹಬ್ಬ ಆಗಸ್ಟ್ 27ಕ್ಕೆ ಇತ್ತು, 2026ರಲ್ಲಿ ಅಧಿಕ ಜ್ಯೇಷ್ಠ ಅಂತ ಒಂದು ತಿಂಗಳು ಹೆಚ್ಚಿಗೆ ಬರೋದ್ರಿಂದ ಸೆಪ್ಟೆಂಬರ್ 14ಕ್ಕೆ ಹೋಗುತ್ತೆ, ಹೆಚ್ಚುಕಮ್ಮಿ ಮೂರು ವಾರ ವ್ಯತ್ಯಾಸ. ಆಷಾಢನೂ ಹಾಗೇ, 2026ರಲ್ಲಿ ಜುಲೈ ಮಧ್ಯದಿಂದ ಆಗಸ್ಟ್ 12ರ ತನಕ. ಆಷಾಢದಲ್ಲಿ ಮದುವೆ ಇಲ್ಲ, ಕೆಲಸ ಇಲ್ಲ ಅಂತ ಕೈ ಕಟ್ಕೊಂಡು ಕೂರೋ ಬದಲು ನಾನು ಹಳೇ ಕಸ್ಟಮರ್‌ಗಳಿಗೆ ಫೋನ್ ಮಾಡಿ ಶ್ರಾವಣದ್ದು ಈಗಲೇ ಕೊಡಿ ಅಂತೀನಿ. ಅರ್ಧದಷ್ಟು ಜನ ಕೊಡ್ತಾರೆ, ಅಷ್ಟು ಸಾಕು.

ಒಂದೇ ಥರದ ಕೆಲಸ ಒಟ್ಟಿಗೆ ಮಾಡೋದ್ರಿಂದನೂ ತುಂಬಾ ಟೈಮ್ ಉಳಿಯುತ್ತೆ. ಶನಿವಾರ ರಾತ್ರಿ ಮುಂದಿನ ವಾರದ ಲೈನಿಂಗ್, ಫಾಲ್ಸ್ ಎಲ್ಲಾ ನೀರಿಗೆ ಹಾಕಿಬಿಡ್ತೀನಿ, ಬಣ್ಣ ಬಿಡೋದು ಬೇರೆ ಬಕೆಟ್ಟಿಗೆ. ನೆನೆಸದೆ ಹೊಲಿದ್ರೆ ಒಗೆದ ಮೇಲೆ ಲೈನಿಂಗ್ ಎಳ್ಕೊಂಡು ಬ್ಲೌಸ್ ವಾಪಸ್ ಬರುತ್ತೆ, ಆ ಬಿಚ್ಚಿ ಹೊಲಿಯೋ ಕೆಲಸ ಯಾವ ಪ್ಲಾನಲ್ಲೂ ಇರಲ್ಲ. ಕಟಿಂಗ್ ಮಾತ್ರ ಬೆಳಿಗ್ಗೆನೇ, ರಾತ್ರಿ ಒಂಬತ್ತರ ಮೇಲೆ ನಾನು ಕತ್ತರಿ ಮುಟ್ಟಲ್ಲ. ಪೀಸಿಗೆ ಅದರ ಅಳತೆ ಬ್ಲೌಸ್ ಪಿನ್ ಹಾಕಿ ಒಂದೇ ಕವರಲ್ಲಿ ಇಡ್ತೀನಿ, ಒಂದು ಕವರ್ ಟೇಬಲ್ ಮೇಲಿದ್ರೆ ಇನ್ನೊಂದು ತೆಗೆಯಲ್ಲ. ಹುಕ್ಕು, ಹೆಮ್ಮಿಂಗು ಕರೆಂಟ್ ಹೋದಾಗಿನ ಕೆಲಸ. ಬಾಬಿನ್ನಿಗೆ ಬೇಕಾದ ಬಣ್ಣದ ದಾರ ಹಿಂದಿನ ರಾತ್ರಿನೇ ಸುತ್ತಿಟ್ರೆ ಬೆಳಿಗ್ಗೆ ಕೂತ ತಕ್ಷಣ ಹೊಲಿಗೆ ಶುರು.

ಡೆಲಿವರಿ ಡೇಟು ಹಬ್ಬಕ್ಕೆ ನಾಲ್ಕು ದಿನ ಮುಂಚೆ ಬರ್ಕೊಳ್ಳಿ. ಹಾಕಿ ನೋಡಿ ತೋಳು ಬಿಗಿ ಅಂದ್ರೆ ಸರಿ ಮಾಡೋಕೆ ಟೈಮ್ ಇರುತ್ತೆ.

ಈಗಾಗಲೇ ಜಾಸ್ತಿ ಒಪ್ಕೊಂಡಿದ್ರೆ ಇವತ್ತೇ ಕೂತು ಎಲ್ಲಾ ಕವರ್ ಎಣಿಸಿ, ಉಳಿದಿರೋ ದಿನದಲ್ಲಿ ನಿಮ್ಮ ಕೈಲಿ ಎಷ್ಟಾಗುತ್ತೋ ಅಷ್ಟನ್ನ ಅದರಲ್ಲಿ ಕಳೀರಿ. ಮಿಕ್ಕಿದ್ದು ಎಷ್ಟು ಅಂತ ಗೊತ್ತಾಗುತ್ತಲ್ಲ, ಅಷ್ಟು ಜನರಿಗೆ ಇವತ್ತು ಸಂಜೆನೇ ಫೋನ್ ಮಾಡಿ, "ಹಬ್ಬಕ್ಕೇ ಉಡ್ತೀರಾ, ಆಮೇಲೆ ಕೊಟ್ರೆ ನಡೆಯುತ್ತಾ" ಅಂತ ಕೇಳಿ. ಎರಡು ಮೂರು ಬ್ಲೌಸ್ ಕೊಟ್ಟಿರೋರಿಗೇ ಮೊದಲು ಫೋನ್ ಮಾಡಿ, ಅವರಿಗೆ ಹಬ್ಬಕ್ಕೆ ಬೇಕಾಗಿರೋದು ಒಂದೇ ಇರುತ್ತೆ.